ವೈದ್ಯವಿದ್ಯಾರ್ಥಿಯೂ ಹೆಣ್ಣು–ಗಂಡೆಂಬ ಪೂರ್ವಗ್ರಹವೂ

ಭೀಮನಬೀಡಿನಿಂದ ಗುಂಡ್ಲುಪೇಟೆಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಚಾಮರಾಜನಗರದ ದೊಡ್ಡ ಆಸ್ಪತ್ರೆಯನ್ನು ಸೇರುವ ರೋಗಿಗೆ ಹಿಂದೆ ಎದುರಾಗುತ್ತಿದ್ದವರು ವೈದ್ಯರೂ ದಾದಿಯರೂ ಮಾತ್ರ. 2016ರಲ್ಲಿ ಅಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಗಿ, 2021ರ ಅಕ್ಟೋಬರ್ 7ರಂದು ಅದರ ನೂತನ ಬೋಧನಾ ಆಸ್ಪತ್ರೆಯನ್ನು ರಾಷ್ಟ್ರಪತಿ ರಾಮನಾಥ ಕೋವಿಂದರು ಉದ್ಘಾಟಿಸಿದ ತರುವಾಯ, ಹಾಸಿಗೆಯ ಬದಿಯಲ್ಲಿ ಬಂದು ನಿಲ್ಲುವವರಲ್ಲಿ ವಿದ್ಯಾರ್ಥಿಗಳೂ ಸೇರಿದ್ದಾರೆ. ರೋಗಿಯ ವೃತ್ತಾಂತವನ್ನು ಕೇಳಿ ಬರೆದುಕೊಳ್ಳುವುದು ಅವರ ಪ್ರಥಮ ಅಭ್ಯಾಸ. ದೇಹರಚನೆಯನ್ನೂ ಔಷಧಗುಣವನ್ನೂ ಕಾಲೇಜಿನಲ್ಲಿ ಕಲಿಯುವ ಈ ಯುವಕ ಯುವತಿಯರು, ಹೆಣ್ಣೆಂದರೆ ಹೇಗಿರಬೇಕು, ಗಂಡೆಂದರೆ ಹೇಗಿರಬೇಕು ಎಂಬ ಪಾಠವನ್ನು ಅಲ್ಲಿಗೆ ಬರುವ ಮುನ್ನವೇ ಮನೆಯಲ್ಲಿ ಹದಿನೆಂಟು ವರ್ಷ ಕಲಿತು ಮುಗಿಸಿರುತ್ತಾರೆ. ಆ ಪಾಠಕ್ಕೆ ಪರೀಕ್ಷೆಯಿಲ್ಲ, ಆದುದರಿಂದ ಅದರಲ್ಲಿ ತಪ್ಪಿದ್ದರೆ ತಿದ್ದುವವರೂ ಇಲ್ಲ.

ಜನ್ಮತಃ ಬಂದ ದೇಹಭೇದ ಒಂದು. ಸಮಾಜವು ಅದರ ಮೇಲೆ ಹೊರಿಸಿದ ನಡೆನುಡಿ, ಹೊಣೆ, ನಿಷೇಧಗಳು ಇನ್ನೊಂದು. ಇವೆರಡೂ ರೋಗದ ಮೇಲೆ ಪ್ರಭಾವ ಬೀರುತ್ತವೆಂದು ತಿಳಿದು ಚಿಕಿತ್ಸೆಯಲ್ಲಿ ಅದನ್ನು ಗಮನಿಸುವುದೇ ಲಿಂಗಪ್ರಜ್ಞೆ. ನೆದರ್ಲೆಂಡ್ಸಿನ ನೈಮೇಗನ್ ವಿಶ್ವವಿದ್ಯಾನಿಲಯದ ಪಂಡಿತರು 2008ರಲ್ಲಿ ವೈದ್ಯವಿದ್ಯಾರ್ಥಿಗಳ ಲಿಂಗಪ್ರಜ್ಞೆಯನ್ನು ಅಳೆಯಲು ಪ್ರಶ್ನಾವಳಿಯೊಂದನ್ನು ಪ್ರಕಟಿಸಿದಾಗ, ಈ ವಿಷಯದಲ್ಲಿರುವ ಸೂಕ್ಷ್ಮತೆಯನ್ನು ಒಂದು ಭಾಗವಾಗಿಯೂ, ರೋಗಿಗಳ ಬಗೆಗೂ ವೈದ್ಯರ ಬಗೆಗೂ ಇರುವ ಪೂರ್ವಗ್ರಹವನ್ನು ಬೇರೆ ಭಾಗಗಳಾಗಿಯೂ ಇರಿಸಿದರು. ಇದು ವಿವೇಕದ ಕೆಲಸ. ಏಕೆಂದರೆ ಸ್ತ್ರೀ ಪುರುಷರು ಸಮಾನರೆಂದು ಭಾಷಣಸ್ಪರ್ಧೆಯಲ್ಲಿ ಬಹುಮಾನ ಗೆದ್ದ ವಿದ್ಯಾರ್ಥಿಯೇ, ಹೆಂಗಸರು ನೋವನ್ನು ಇದ್ದುದಕ್ಕಿಂತ ದೊಡ್ಡದು ಮಾಡಿ ಹೇಳುತ್ತಾರೆಂದು ವಾರ್ಡಿನಲ್ಲಿ ನಿಸ್ಸಂಕೋಚವಾಗಿ ನಂಬಬಲ್ಲನು.

ಈ ನಂಬಿಕೆ ಬಹಿರಂಗವಾಗಿ ಮಾತನಾಡುವುದು ಕಡಮೆ. ಕೇಳದೆ ಬಿಟ್ಟ ಪ್ರಶ್ನೆಗಳಲ್ಲಿ ಅದು ಅಡಗಿ ಕುಳಿತಿರುತ್ತದೆ. ಗುಂಡ್ಲುಪೇಟೆ ಸೀಮೆಯಿಂದ ಸೊಂಟನೋವೆಂದು ಬಂದ ನಲವತ್ತರ ಹೆಂಗಸೊಬ್ಬಳನ್ನು ಊಹಿಸಿಕೊಳ್ಳೋಣ. ‘ಏನು ಕೆಲಸ ಮಾಡ್ತೀರಮ್ಮ?’ ಎಂದು ವಿದ್ಯಾರ್ಥಿ ಕೇಳುತ್ತಾನೆ. ‘ಏನಿಲ್ಲ ಸಾ, ಮನೇಲೆ ಇರದು’ ಎನ್ನುತ್ತಾಳೆ ಆಕೆ. ಕೇಸ್‌ಶೀಟಿನಲ್ಲಿ ‘ಹೌಸ್‌ವೈಫ್’ ಎಂದು ಬೀಳುತ್ತದೆ. ಅಲ್ಲಿಗೆ ಆ ಪ್ರಕರಣ ಮುಗಿಯಿತು. ಅದೇ ವಿದ್ಯಾರ್ಥಿ, ‘ಬೆಳಗ್ಗೆ ಎದ್ದಾಗಿನಿಂದ ಮಲಗುವತನಕ ಏನೇನು ಮಾಡ್ತೀರಿ?’ ಎಂದು ಕೇಳಿದ್ದರೆ, ದನದ ಕೊಟ್ಟಿಗೆ, ನೀರಿನ ಬಿಂದಿಗೆ, ಸೌದೆಯೊಲೆಯ ಹೊಗೆ, ಅರಿಶಿನದ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ಕೀಳುವುದು, ಅಗೆದ ಗಡ್ಡೆಯನ್ನು ಕುಕ್ಕರಗಾಲಿನಲ್ಲಿ ಕುಳಿತು ಬಿಡಿಸುವುದು, ಔಷಧಿ ಹೊಡೆದ ಚೆಂಡುಹೂವಿನ ಸಾಲಿನಲ್ಲಿ ಬರಿಗೈಯಲ್ಲಿ ಹೂ ಕೊಯ್ಯುವುದು, ಇವೆಲ್ಲವೂ ಒಂದೊಂದಾಗಿ ಹೊರಬರುತ್ತಿದ್ದವು. ಸೊಂಟದ ನೋವಿಗೂ ಚರ್ಮದ ತುರಿಕೆಗೂ ಉಬ್ಬಸಕ್ಕೂ ಕಾರಣವನ್ನು ಅರಸಬೇಕಾದ ಎಡೆ ಆ ದಿನಚರಿಯೇ ಹೊರತು, ಕಾಲಮ್ಮಿನಲ್ಲಿ ಬರೆದ ಆ ಒಂದು ಪದವಲ್ಲ.

ಇನ್ನು ಚಟಗಳ ಕಾಲಮ್ಮು. ಗಂಡಸನ್ನು ಬೀಡಿ, ಹೆಂಡ ಎಂದು ನಿರ್ದಾಕ್ಷಿಣ್ಯವಾಗಿ ಕೇಳುವ ವಿದ್ಯಾರ್ಥಿ, ಹೆಂಗಸಿನ ಮುಂದೆ ಅದನ್ನು ನಾಚಿ ಬಿಟ್ಟುಬಿಡುತ್ತಾನೆ. ನಮ್ಮ ಹಳ್ಳಿಗಳ ಎಷ್ಟೋ ಅಜ್ಜಿಯರು ಎಲೆ ಅಡಿಕೆಯ ಸಂಗಡ ಹೊಗೆಸೊಪ್ಪನ್ನು ದವಡೆಯಲ್ಲಿಟ್ಟುಕೊಂಡೇ ದಿನ ಕಳೆಯುವವರೆಂಬುದು ಅವನ ಸ್ವಂತ ಅಜ್ಜಿಯಿಂದಲೇ ಅವನಿಗೆ ಗೊತ್ತಿರುವ ಸಂಗತಿ. ಬಾಯಿಯ ಕ್ಯಾನ್ಸರು ಈ ದಾಕ್ಷಿಣ್ಯವನ್ನು ಮನ್ನಿಸುವುದಿಲ್ಲ. ಪೂರ್ವಗ್ರಹ ಗಂಡಸನ್ನೂ ಬಿಡದು: ಸಾಲದಲ್ಲಿ ಮುಳುಗಿ ನಿದ್ರೆಗೆಟ್ಟ ರೈತನಿಗೆ ‘ಮನಸ್ಸಿಗೆ ಬೇಸರವೇ?’ ಎಂದು ಕೇಳುವುದು ಆತನ ಪೌರುಷಕ್ಕೆ ಅವಮಾನವೆಂದು ಬಗೆದು, ಗ್ಯಾಸ್ಟ್ರಿಕ್ ಮಾತ್ರೆ ಬರೆದು ಕಳುಹಿಸುವುದುಂಟು.

ಕುಟುಂಬಯೋಜನೆಯಷ್ಟು ಸ್ಪಷ್ಟವಾದ ನಿದರ್ಶನ ಮತ್ತೊಂದಿಲ್ಲ. ನಮ್ಮ ಕಡೆ ‘ಆಪರೇಷನ್ ಆಯ್ತಾ?’ ಎಂದು ಬರಿದೆ ಕೇಳಿದರೆ ಅದು ಹೆಂಗಸಿನ ಸಂತಾನಹರಣ ಶಸ್ತ್ರಕ್ರಿಯೆಯನ್ನೇ ಕುರಿತದ್ದು. ಗಂಡಸಿಗೆ ಮಾಡುವ ಶಸ್ತ್ರಕ್ರಿಯೆ ಹೆಚ್ಚು ಸುಲಭ, ಅಪಾಯ ಕಡಮೆ, ಸ್ಥಳೀಯ ಅರಿವಳಿಕೆಯಲ್ಲಿ ಮುಗಿಯುವಂತಹುದು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ವಿವಾಹಿತ ಸ್ತ್ರೀಯರ ಪೈಕಿ ಸ್ವತಃ ಈ ಶಸ್ತ್ರಕ್ರಿಯೆ ಮಾಡಿಸಿಕೊಂಡವರು ಶೇಕಡ 37.9, ಪತಿಗೆ ಅದಾಗಿದೆಯೆಂದವರು ಶೇಕಡ 0.3. ಕರ್ನಾಟಕದಲ್ಲಿ ಸ್ತ್ರೀಯರ ಪಾಲು ಅರ್ಧವನ್ನೂ ಮೀರಿದೆ. ಇದನ್ನು ಪ್ರತಿದಿನ ನೋಡುವ ವಿದ್ಯಾರ್ಥಿಗೆ ಇದು ಪ್ರಕೃತಿನಿಯಮವೆಂದೇ ತೋರಿದರೆ ಆಶ್ಚರ್ಯವಿಲ್ಲ.

ವಿದ್ಯಾರ್ಥಿಗಳು ತಮ್ಮತಮ್ಮೊಳಗೂ ಈ ಗೆರೆಗಳನ್ನು ಎಳೆದುಕೊಳ್ಳುತ್ತಾರೆ. ಮೂಳೆಯ ಶಸ್ತ್ರಚಿಕಿತ್ಸೆ ಹುಡುಗರಿಗೆ, ಹೆರಿಗೆಯೂ ಮಕ್ಕಳ ವೈದ್ಯವೂ ಹುಡುಗಿಯರಿಗೆ ಎಂಬುದು ಹಾಸ್ಟೆಲುಗಳ ಅಲಿಖಿತ ಶಾಸನ. ಇದಕ್ಕೊಂದು ಇತಿಹಾಸವೂ ಉಂಟು: 1885ರಲ್ಲಿ ವೈಸರಾಯರ ಪತ್ನಿ ಲೇಡಿ ಡಫರಿನ್ನಳ ನಿಧಿ ಸ್ಥಾಪನೆಯಾದಂದು, ಭಾರತದಲ್ಲಿ ಹೆಣ್ಣುಮಕ್ಕಳಿಗೆ ವೈದ್ಯವಿದ್ಯೆಯನ್ನು ಕಲಿಸಬೇಕೆಂಬುದಕ್ಕೆ ಕೊಟ್ಟ ಕಾರಣ, ಪರದೆಯೊಳಗಿನ ಸ್ತ್ರೀಯರಿಗೆ ಸ್ತ್ರೀವೈದ್ಯರು ಬೇಕೆಂಬುದಾಗಿತ್ತು. ಬಾಗಿಲು ತೆರೆದುದು ಉಪಕಾರವೇ. ಆದರೆ ಆ ಬಾಗಿಲು ಒಂದೇ ಕೋಣೆಗೆ ತೆರೆದಿತ್ತು. ಬಿಳಿಕೋಟು ತೊಟ್ಟ ಯುವತಿಯನ್ನು ರೋಗಿಗಳು ‘ಸಿಸ್ಟರ್’ ಎಂದು ಕರೆದು, ಅವಳ ಹಿಂದೆ ನಿಂತ ಹುಡುಗನನ್ನು ‘ಡಾಕ್ಟ್ರೇ’ ಎನ್ನುವುದು ಇಂದಿಗೂ ನಡೆಯುತ್ತಿದೆ.

ತಪ್ಪು ವಿದ್ಯಾರ್ಥಿಯದೇ ಎನ್ನುವುದೂ ಅನ್ಯಾಯ. ಶಾಸ್ತ್ರವೇ ಬಹುಕಾಲ ಪುರುಷದೇಹವನ್ನು ಮಾನದಂಡವಾಗಿಟ್ಟುಕೊಂಡಿತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1977ರಿಂದ 1993ರವರೆಗೆ, ಮಗು ಹೆರಬಲ್ಲ ವಯಸ್ಸಿನ ಸ್ತ್ರೀಯರನ್ನು ಔಷಧಪರೀಕ್ಷೆಯ ಆರಂಭದ ಘಟ್ಟಗಳಿಂದ ಹೊರಗಿಡಲು ಸೂಚಿಸಿತ್ತು. ಜೋಲ್ಪಿಡೆಮ್ ಎಂಬ ನಿದ್ರೆಯ ಮಾತ್ರೆ ಸ್ತ್ರೀಯರ ರಕ್ತದಿಂದ ನಿಧಾನವಾಗಿ ಇಳಿಯುವುದೆಂದು ಅವರ ಪ್ರಮಾಣವನ್ನು 10 ಮಿಲಿಗ್ರಾಮಿನಿಂದ 5ಕ್ಕೆ ಇಳಿಸಿದುದು 2013ರಲ್ಲಿ, ಮಾತ್ರೆ ಬಳಕೆಗೆ ಬಂದು ಇಪ್ಪತ್ತು ವರ್ಷಗಳಾದ ಮೇಲೆ.

ನಮ್ಮ ಪಠ್ಯಕ್ರಮವೂ ನ್ಯಾಯಾಲಯಗಳು ಎಚ್ಚರಿಸಿದ ಮೇಲೆಯೇ ಕಣ್ತೆರೆದದ್ದು. ಅತ್ಯಾಚಾರಕ್ಕೊಳಗಾದ ಸ್ತ್ರೀಯ ಮೇಲೆ ನಡೆಸುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ಯನ್ನು ಸರ್ವೋಚ್ಚ ನ್ಯಾಯಾಲಯ 2013ರಲ್ಲಿಯೇ ಖಂಡಿಸಿದ್ದರೂ, 2022ರ ಅಕ್ಟೋಬರ್ 31ರಂದು ಮತ್ತೊಮ್ಮೆ ನಿಷೇಧಿಸಿ, ವೈದ್ಯಕೀಯ ಕಾಲೇಜುಗಳ ಪಠ್ಯವನ್ನು ಪರಿಶೀಲಿಸಬೇಕೆಂದು ಆದೇಶಿಸಬೇಕಾಯಿತು. 2024ರ ಆಗಸ್ಟಿನಲ್ಲಿ ಪ್ರಕಟವಾದ ಹೊಸ ಪಠ್ಯಕ್ರಮವು ಸಲಿಂಗಸಂಬಂಧವನ್ನು ಪುನಃ ಅಸಹಜ ಅಪರಾಧಗಳ ಪಟ್ಟಿಗೆ ಸೇರಿಸಿ, ಆಕ್ಷೇಪಣೆಗಳ ನಂತರ ಸೆಪ್ಟೆಂಬರಿನಲ್ಲಿ ಹಿಂತೆಗೆಯಲ್ಪಟ್ಟಿತು. ಮಹಾರಾಷ್ಟ್ರದಲ್ಲಿ ಸೆಹತ್ ಎಂಬ ಆರೋಗ್ಯ ಸಂಶೋಧನಾ ಸಂಸ್ಥೆಯವರು ಇದಕ್ಕಿಂತ ಒಳ್ಳೆಯ ದಾರಿಯನ್ನು ಹಿಡಿದರು: ಲಿಂಗಪ್ರಜ್ಞೆಗೆ ಪ್ರತ್ಯೇಕ ಉಪನ್ಯಾಸವನ್ನು ಏರ್ಪಡಿಸುವ ಬದಲು, ಪ್ರಸೂತಿ, ಸಮುದಾಯವೈದ್ಯ, ನ್ಯಾಯವೈದ್ಯ ಮೊದಲಾದ ವಿಷಯಗಳ ಪಾಠಗಳೊಳಗೇ ಅದನ್ನು ಹೆಣೆದರು. ನಮ್ಮ ಅಭಿಪ್ರಾಯದಲ್ಲಿ ಇದೇ ಸರಿಯಾದ ಕ್ರಮ. ಪ್ರತ್ಯೇಕ ಉಪನ್ಯಾಸವನ್ನು ವಿದ್ಯಾರ್ಥಿಗಳು ಹಾಜರಿಗಾಗಿ ಕೇಳಿ ಮರೆಯುತ್ತಾರೆ.

ಈಗ ಪ್ರತಿಯೊಬ್ಬ ವೈದ್ಯವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯವನ್ನು ನೋಡಿಕೊಳ್ಳಬೇಕೆಂಬ ನಿಯಮವಿದೆ. ಓದುಗ ಮಹಾಶಯರ ಮನೆಗೂ ಅಂತಹ ವಿದ್ಯಾರ್ಥಿ ಪುಸ್ತಕ ಹಿಡಿದು ಬಂದಾನು. ಆಗ ಮನೆಯ ಯಜಮಾನರು, ಹೆಂಡತಿಗೆ ಕೇಳಿದ ಪ್ರಶ್ನೆಗೆ ತಾವು ಉತ್ತರ ಕೊಡದೆ ಸ್ವಲ್ಪ ಹೊತ್ತು ಜಗುಲಿಯ ಮೇಲೆ ಕುಳಿತಿರಬೇಕೆಂದೂ, ಮನೆಯಾಕೆ ‘ಏನಿಲ್ಲ, ಮನೇಲೆ ಇರದು’ ಎನ್ನದೆ ತಾವು ಮಾಡುವ ಕೆಲಸವನ್ನೆಲ್ಲ ಒಂದೂ ಬಿಡದೆ ಬರೆಸಬೇಕೆಂದೂ ನಮ್ಮ ಪ್ರಾರ್ಥನೆ.