ಬಾಬಿನ್ ಕಡೆದ ಕೈ, ಗಾಳದ ರೀಲು ಕಡೆದ ಕೈ

ಶುಭಸಂದೇಶಗಳಲ್ಲಿ ಮೀನುಗಾರಿಕೆ ಎಂದರೆ ಬಹುತೇಕ ಬಲೆಯೇ. ಬಲೆ ಬೀಸುವುದು, ಬಲೆ ತೊಳೆಯುವುದು, ದೋಣಿ ತುಂಬುವಷ್ಟು ಮೀನು ಬೀಳುವುದು. ಗಾಳದ ಮಾತು ಬರುವುದು ಒಂದೇ ಕಡೆ, ಮತ್ತಾಯನ 17ನೇ ಅಧ್ಯಾಯದ ಕೊನೆಯ ವಚನದಲ್ಲಿ. ದೇವಾಲಯದ ತೆರಿಗೆ ಕಟ್ಟಲು ಯೇಸುಸ್ವಾಮಿ ಪೇತ್ರನಿಗೆ ಗಾಳ ಹಾಕು ಎನ್ನುತ್ತಾರೆ. ಪೇತ್ರನ ಕೈಯಲ್ಲಿ ರೀಲು ಇರಲಿಲ್ಲ, ಬರೀ ಹುರಿ ಇದ್ದಿರಬೇಕು. ನಮ್ಮ ಕರಾವಳಿಯ ಅಳಿವೆಗಳಲ್ಲಿ ಇಂದಿಗೂ ಮರದ ತುಂಡಿಗೋ ಖಾಲಿ ಬಾಟಲಿಗೋ ಹುರಿ ಸುತ್ತಿಕೊಂಡು ಗಾಳ ಎಸೆಯುವವರು ಪೇತ್ರನ ಪರಂಪರೆಯವರೇ.

ಹುರಿಯನ್ನು ಸುತ್ತಿಡಲು ತಿರುಗುವ ಉರುಳೆ ಬಂದದ್ದು ಬಹಳ ತಡವಾಗಿ. ಚೀನಾದ ಚಿತ್ರಕಾರ ಮಾ ಯುವಾನ್ ಸುಮಾರು 1195ರಲ್ಲಿ ಬರೆದ ಚಿತ್ರವೊಂದರಲ್ಲಿ ದೋಣಿಯಲ್ಲಿ ಕುಳಿತ ಬೆಸ್ತನ ಕೋಲಿಗೆ ಪುಟ್ಟ ಚಕ್ರವೊಂದಿದೆ. ಇಂಗ್ಲೆಂಡಿನಲ್ಲಿ ಅದರ ಉಲ್ಲೇಖ ಸಿಗುವುದು 1651ರ ಹೊತ್ತಿಗೆ. ಮರದ ರೀಲು ದೊಡ್ಡ ಹೆಸರು ಮಾಡಿದ್ದು 19ನೇ ಶತಮಾನದಲ್ಲಿ, ಟ್ರೆಂಟ್ ನದಿಯ ದಡದ ನಾಟಿಂಗ್‌ಹ್ಯಾಮ್ ಊರಿನಲ್ಲಿ. ಅದು ಲೇಸು ನೇಯುವ ಊರು. ನೂಲು ಸುತ್ತುವ ಬಾಬಿನ್ ಕಡೆಯುವ ಕೈಗಳಿಗೆ ಅಲ್ಲಿ ಕೊರತೆ ಇರಲಿಲ್ಲ.

ನಾಟಿಂಗ್‌ಹ್ಯಾಮ್ ರೀಲಿನ ರಚನೆ ಸರಳ. ಚೆನ್ನಾಗಿ ಒಣಗಿದ ಆಕ್ರೋಟು ಅಥವಾ ಮಹಾಗನಿ ಮರವನ್ನು ಲೇತಿಗೆ ಕೊಟ್ಟು ಉರುಳೆ ಕಡೆಯುತ್ತಾರೆ. ಹಿಂದೆ ಒಂದು ಮರದ ತಟ್ಟೆ, ಅದರ ನಡುವೆ ಉಕ್ಕಿನ ಅಚ್ಚು. ಉರುಳೆ ಆ ಅಚ್ಚಿನ ಮೇಲೆ ತಿರುಗುತ್ತದೆ. ಹಲ್ಲುಚಕ್ರಗಳ ಗೊಡವೆಯಿಲ್ಲ. ಮುಖದ ಮೇಲೆ ಕೊಂಬಿನಿಂದಲೋ ಎಲುಬಿನಿಂದಲೋ ಮಾಡಿದ ಎರಡು ಹಿಡಿಗಳು. ಕೋಲಿಗೆ ಕಟ್ಟಲು ಹಿತ್ತಾಳೆಯ ಪಾದ. ಕೆಲವಕ್ಕೆ ಕಟಕಟ ಸದ್ದಿನ ಒಂದು ತಡೆ. ಹರಿಯುವ ನೀರೇ ತೇಲುಬೆಂಡನ್ನು ಎಳೆದುಕೊಂಡು ಹೋಗುವಾಗ, ಆ ಸಣ್ಣ ಎಳೆತಕ್ಕೇ ಉರುಳೆ ತಿರುಗಿ ಹುರಿ ಬಿಡಬೇಕು. ಅಷ್ಟು ಹಗುರಾಗಿ, ಅಲುಗಾಡದೆ ತಿರುಗಬೇಕಾದರೆ ಅಚ್ಚಿನ ತೂತು ಕೂದಲೆಳೆಯಷ್ಟೂ ಓರೆಯಾಗಬಾರದು. ಕುಶಲತೆಯೆಲ್ಲ ಇರುವುದು ಅಲ್ಲೇ.

ಮರಕ್ಕೊಂದು ಕೆಟ್ಟ ಗುಣವಿದೆ, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಸೊಟ್ಟಗಾಗುತ್ತದೆ. ಉಬ್ಬಿದ ಉರುಳೆ ಹಿಂದಿನ ತಟ್ಟೆಗೆ ಉಜ್ಜಿ ನಿಂತುಬಿಡುತ್ತಿತ್ತು, ಅದೂ ದೊಡ್ಡ ಮೀನು ಸಿಕ್ಕಿದ ಗಳಿಗೆಯಲ್ಲೇ! ಅದಕ್ಕಾಗಿ ತಟ್ಟೆಯ ಬೆನ್ನಿಗೆ ನಕ್ಷತ್ರದ ಆಕಾರದ ಹಿತ್ತಾಳೆ ಪಟ್ಟಿ ಬಿಗಿಯತೊಡಗಿದರು. ಆಮೇಲೆ ಲೋಹದ ರೀಲುಗಳು ಬಂದವು. 1905ರಲ್ಲಿ ಬ್ರಾಡ್‌ಫರ್ಡಿನ ಗಿರಣಿ ಮಾಲೀಕ ಇಲ್ಲಿಂಗ್‌ವರ್ತ್ ಹೊಸ ಬಗೆಯ ರೀಲಿಗೆ ಪೇಟೆಂಟ್ ಪಡೆದರು. ಅದರಲ್ಲಿ ಉರುಳೆ ತಿರುಗುವುದಿಲ್ಲ, ಹುರಿ ಅದರ ತುದಿಯಿಂದ ಜಾರಿ ಹೋಗುತ್ತದೆ, ಗಿರಣಿಯ ಬಾಬಿನ್ನಿನಿಂದ ನೂಲು ಬಿಚ್ಚಿಕೊಳ್ಳುವಂತೆ. ಈಗ ಅಂಗಡಿಯಲ್ಲಿ ಸಿಗುವ ರೀಲುಗಳಲ್ಲಿ ಬಹಳಷ್ಟು ಅದರ ಸಂತಾನವೇ.

ಈ ಕಥೆಯಲ್ಲಿ ನಮ್ಮ ಕರಾವಳಿಗೂ ಪಾಲಿದೆ. ಭಾರತದಲ್ಲಿ ಗಾಳ ಹಾಕುವವರು ದೀರ್ಘಕಾಲ ಆಧಾರವಾಗಿ ಹಿಡಿದ 'ದಿ ರಾಡ್ ಇನ್ ಇಂಡಿಯಾ' ಪುಸ್ತಕ 1873ರಲ್ಲಿ ಹೊರಬಂದದ್ದು ಮಂಗಳೂರಿನಲ್ಲಿ, ಬಾಸೆಲ್ ಮಿಶನ್ನಿನ ಪ್ರೊಟೆಸ್ಟಂಟ್ ಸಹೋದರರ ಮೂಲಕ. ಬರೆದವರು ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್. ಘಟ್ಟದ ಹೊಳೆಗಳ ಮಹಶೀರ್ ಮೀನಿನ ಬಗ್ಗೆ ಅವರಿಗೆ ವಿಶೇಷ ಒಲವು. ಟ್ರೆಂಟ್ ನದಿಯ ಬಾರ್ಬೆಲ್ ಮೀನೂ ಮಹಶೀರೂ ಒಂದೇ ಕುಟುಂಬದವು. ಬರೀ ಶೋಕಿಯ ಮನುಷ್ಯ ಎಂದು ಅವರನ್ನು ತಳ್ಳಿಹಾಕುವಂತಿಲ್ಲ. ಹೊಳೆಯ ಮೀನು ಜನರ ಆಹಾರ ಎಂದು ತಿಳಿದು, ದಕ್ಷಿಣ ಕನ್ನಡದ ಮೀನು ಸಾಕಣೆಯ ಬಗ್ಗೆ 1870ರಲ್ಲೇ ಅವರ ವರದಿ ಪ್ರಕಟವಾಗಿತ್ತು.

ಇನ್ನು ಘಟ್ಟದ ಮೇಲಿನ ಮಾತು. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಬೇರೆಯಾಗುವ ತನಕ ಉತ್ತರ ಕನ್ನಡದವರೂ ಬೆಳಗಾವಿ ಧರ್ಮಪ್ರಾಂತ್ಯದವರೇ ಆಗಿದ್ದರು, ಆದ್ದರಿಂದ ಹುಕ್ಕೇರಿ, ಗೋಕಾಕ ನಮ್ಮ ಹಿರಿಯರಿಗೆ ಹೊಸ ಹೆಸರುಗಳಲ್ಲ. ಘಟಪ್ರಭೆ ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟಿನಲ್ಲಿ ನಿಂತು, ಗೋಕಾಕಿನಲ್ಲಿ ಸುಮಾರು 52 ಮೀಟರ್ ಧುಮುಕಿ, ಮೂಡಲಗಿ ಸೀಮೆಯ ಹೊಲಗಳಿಗೆ ಇಳಿಯುತ್ತದೆ. ಆ ಜಲಪಾತದ ಬಲದಿಂದಲೇ 1887ರಲ್ಲಿ ಗೋಕಾಕದ ನೂಲಿನ ಗಿರಣಿ ತಿರುಗತೊಡಗಿತು. ಆ ಕಾಲದ ಗಿರಣಿಗಳಲ್ಲಿ ನೂಲು ಸುತ್ತುತ್ತಿದ್ದದ್ದು ಮರದ ಬಾಬಿನ್ನುಗಳಿಗೆ. ನದಿ, ನೂಲು, ಮರಗೆಲಸ, ನಾಟಿಂಗ್‌ಹ್ಯಾಮಿನಲ್ಲಿ ಒಟ್ಟಿಗೆ ಸೇರಿದ ಈ ಮೂರೂ ಗೋಕಾಕಿನಲ್ಲಿ ಇದ್ದವು. ಹಗುರ ಮರ ಕೆತ್ತಿ ಬಣ್ಣ ಬಳಿದ ಗೋಕಾಕದ ಹಣ್ಣು, ಕಾಯಿಪಲ್ಲೆ, ದೇವರ ಗೊಂಬೆಗಳನ್ನು ನೋಡಿದವರಿಗೆ ಆ ಕೈಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಲಟ್ಟಣಿಗೆ, ಕಡಗೋಲು, ತೊಟ್ಟಿಲ ಕಾಲು ಕಡೆಯುವ ಬಡಿಗೇರರದ್ದೂ ಅದೇ ವಿದ್ಯೆ. ಪ್ಲಾಸ್ಟಿಕ್ ಮತ್ತು ಸ್ಟೀಲು ಇವರ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕಿತ್ತುಕೊಂಡಿವೆ. ಮಗ ಕೈಗೆ ಉಳಿ ಹಿಡಿಯದಿದ್ದರೆ ತಪ್ಪು ಅವನದಲ್ಲ, ಕೆಲಸ ಕೊಡದ ನಮ್ಮದು.

ಹಳೆಯ ಬಂಗಲೆ, ತೋಟದ ಮನೆ, ಗುರುನಿವಾಸದ ಅಟ್ಟದಲ್ಲಿ ಇಂಥ ರೀಲು ಸಿಕ್ಕರೆ ಅವಸರ ಮಾಡಬೇಡಿ. ಮರಳುಕಾಗದದಿಂದ ಉಜ್ಜಿ ವಾರ್ನಿಶ್ ಬಳಿದರೆ ಅದರ ಮೈಬಣ್ಣವೂ, ಇದ್ದರೆ ತಯಾರಕರ ಮುದ್ರೆಯೂ ಹೋಗುತ್ತದೆ. ಬೆಲೆಯೂ ಅವುಗಳ ಜೊತೆಗೇ ಹೋಗುತ್ತದೆ. ಹಳೆಯ ಹುರಿ ಬಿಚ್ಚಿ ತೆಗೆಯಿರಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ಒಣಬಟ್ಟೆಯಿಂದ ಒರೆಸಿ, ಅಚ್ಚಿಗೆ ಒಂದೇ ಹನಿ ಎಣ್ಣೆ ಬಿಟ್ಟು ನೆರಳಿನಲ್ಲಿಡಿ; ಬಿಸಿಲಿಗಿಟ್ಟರೆ ಮರ ಸೀಳುತ್ತದೆ. ಉರುಳೆ ಉಜ್ಜುತ್ತಿದ್ದರೆ ತಾವೇ ಕೆರೆಯಲು ಹೋಗದೆ ಲೇತು ಬಲ್ಲ ಬಡಿಗೇರರಿಗೆ ತೋರಿಸಿ, ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಒಡೆದ ಹಿಡಿಯ ಬದಲು ಹೊಸದನ್ನು ಕಡೆಸಿದರೆ ಹಳೆಯ ತುಂಡನ್ನು ಎಸೆಯದೆ ರೀಲಿನ ಜೊತೆಯಲ್ಲೇ ಕಟ್ಟಿಡಿ.