ಬೀಗದೊಳಗಿನ ಚಿಕಿತ್ಸೆ

ಮಾತು ಕೇಳದ, ಮನಗುಂದಿದ ಹದಿಹರೆಯದ ಬಾಲಿಕೆಯರನ್ನು ತಿದ್ದಿಕೊಡುವೆವೆಂದು ಹಣ ಪಡೆಯುವ ವಸತಿಶಾಲೆಗಳು ಅಮೆರಿಕೆಯಲ್ಲಿ ಬಹಳ. ದಿಕ್ಕುಗಾಣದ ತಾಯಿತಂದೆಗಳು ನಂಬಿ ಕಳುಹುವರು, ಅವರನ್ನು ಹಳಿಯಲಾರೆವು. ಆದರೆ ಮಗಳ ದೂರನ್ನೇ ರೋಗಲಕ್ಷಣವೆಂದು ತಳ್ಳಿಹಾಕುವ ಸ್ಥಳದಲ್ಲಿ ಚಿಕಿತ್ಸೆಯೆಂತಹುದು? ಹದಿಹರೆಯದಲ್ಲಿ ಯೂಟಾ ಸಂಸ್ಥಾನದ ಇಂತಹ ಶಾಲೆಯೊಂದರಲ್ಲಿ ಹನ್ನೊಂದು ತಿಂಗಳಿದ್ದ ಪ್ರಸಿದ್ಧ ಮಹಿಳೆ ಪ್ಯಾರಿಸ್ ಹಿಲ್ಟನ್, ತಾವು ಅಲ್ಲಿ ನಿತ್ಯವೂ ಹಿಂಸೆಗೊಳಗಾದುದಾಗಿ 2021ರಲ್ಲಿ ಆ ಸಂಸ್ಥಾನದ ಶಾಸನಸಭೆಯ ಮುಂದೆ ಸಾಕ್ಷಿ ನುಡಿದರು. ಅದೇ ವರ್ಷ ಅಲ್ಲಿ ಶಾಸನವಾಯಿತು: ಮೂರು ತಿಂಗಳಿಗೊಮ್ಮೆ ಸರಕಾರದ ತಪಾಸಣೆ, ವಾರಕ್ಕೊಮ್ಮೆ, ಅನ್ಯರ ಕಿವಿಗೆ ಬೀಳದಂತೆ, ಮನೆಯವರೊಡನೆ ಮಾತು. ಇವೆರಡರಲ್ಲಿ ನಾವು ಮಿಗಿಲೆಂದು ಎಣಿಸುವುದು ಎರಡನೆಯದನ್ನೇ. ತಪಾಸಕನಿಗೆ ಹೇಳಲಂಜುವ ಮಗು ತಾಯಿಗೆ ಹೇಳೀತು. 2024ರ ಡಿಸೆಂಬರಿನಲ್ಲಿ ಬಂದ ಕೇಂದ್ರದ ಕಾಯಿದೆಯಾದರೋ ಮುಖ್ಯವಾಗಿ ಅಧ್ಯಯನವನ್ನಷ್ಟೇ ವಿಧಿಸಿದೆ.