ಕಿಟಕಿ ಮುಚ್ಚಿದ ಮನೆಗೂ ಉಸಿರು ಬೇಕು

ಕೋಯಂಬೇಡಿನಲ್ಲಿ ಊರು ಮಲಗಿದ ಮೇಲೆ ಮಾರುಕಟ್ಟೆ ಏಳುತ್ತದೆ. 1996ರಲ್ಲಿ ಇಲ್ಲಿ ಸಗಟು ಮಾರುಕಟ್ಟೆ ಶುರುವಾಯಿತು. ರಾತ್ರಿ ಬರುವ ಲಾರಿಗಳಲ್ಲಿ ನಮ್ಮ ಕೋಲಾರದ ಟೊಮೆಟೊ ಕೂಡ ಇರುತ್ತದೆ. ಹೊಗೆ, ದೂಳು, ಹಾರ್ನ್‌ಗೆ ಹೆದರಿ ಕಿಟಕಿ ಮುಚ್ಚಿ ಎಸಿ ಹಾಕುತ್ತೇವೆ. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ. ಕೋಣೆಯ ಗಾಳಿಯನ್ನೇ ತಣಿಸಿ ತಿರುಗಿಸುತ್ತದೆ. ಹೊರಗೆ ಸುಮಾರು 420 ಪಿಪಿಎಂ ಇರುವ ಇಂಗಾಲದ ಡೈಆಕ್ಸೈಡ್, ಇಬ್ಬರು ಮಲಗಿದ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ 2,000 ದಾಟಬಹುದು. ಊರಿಂದ ಬಂದ ಅಮ್ಮ ‘ತಲೆ ಭಾರ ಕಣೋ’ ಎಂದದ್ದು ಸುಮ್ಮನೆ ಅಲ್ಲ.

ಇಲ್ಲೇ ಮನೆ ಕಟ್ಟಿಸುವಾಗ ಇದಕ್ಕೆ ಪರಿಹಾರ ಹುಡುಕಿದೆ. ಚಳಿದೇಶಗಳ ಹೀಟ್ ರಿಕವರಿ ವೆಂಟಿಲೇಷನ್‌ನಲ್ಲಿ ಹಳೆ ಗಾಳಿ, ಹೊಸ ಗಾಳಿ ತೆಳು ಹಾಳೆಗಳ ಆಚೀಚೆ ಬೆರೆಯದೆ ಹಾದು, ಶಾಖವನ್ನಷ್ಟೇ ಬದಲಿಸಿಕೊಳ್ಳುತ್ತವೆ. ಚೆನ್ನೈಗೆ ಅದು ಸಾಲದು. ಇಲ್ಲಿ ಸೆಕೆಯ ಜತೆ ತೇವಾಂಶದ ಕಾಟ. ತೇವವನ್ನೂ ದಾಟಿಸುವ ‘ಎನರ್ಜಿ ರಿಕವರಿ’ ಯಂತ್ರ ಬೇಕು. ಹೊರಹೋಗುವ ತಂಪು, ಒಣ ಗಾಳಿಯು ಒಳಬರುವ ಗಾಳಿಯ ಶಾಖ, ತೇವಗಳನ್ನು ಒಂದಷ್ಟು ಹೊತ್ತೊಯ್ಯುತ್ತದೆ. ಇದು ಎಸಿಗೆ ಬದಲಿಯಲ್ಲ, ಅದರ ಹೊರೆ ಇಳಿಸುವ ಜತೆಗಾರ.

ಮನೆ ಕಟ್ಟಿಸುವವರಿಗೆ ಮೂರು ಮಾತು. ಗಾಳಿಕೊಳವೆಯ ದಾರಿಯನ್ನು ನಕ್ಷೆಯಲ್ಲೇ ಗುರುತಿಸಿ. ಆಮೇಲೆ ತೊಲೆ ಕೊರೆಯುವಂತಿಲ್ಲ. ಅಡುಗೆಮನೆ ಚಿಮಣಿಯನ್ನು ಇದಕ್ಕೆ ಸೇರಿಸಬೇಡಿ. ಜಿಡ್ಡು ಹಾಳೆಯನ್ನು ಕೆಡಿಸುತ್ತದೆ. ಫಿಲ್ಟರ್ ಕೈಗೆಟುಕುವಂತಿರಲಿ, ದೂಳು ಕಟ್ಟಿದರೆ ಗಾಳಿ ಕಡಿಮೆಯಾಗುತ್ತದೆ.

ನಮ್ಮ ತೊಟ್ಟಿಮನೆಗಳಲ್ಲಿ ತೆರೆದ ಅಂಗಳವೇ ಮನೆಯ ಉಸಿರಾಗಿತ್ತು. ಜನವರಿಯ ತಂಪು ಬೆಳಗಿನಲ್ಲಿ ಅಮ್ಮ ಈಗಲೂ ಯಂತ್ರ ಆರಿಸಿ ಕಿಟಕಿ ತೆರೆಯುತ್ತಾಳೆ. ನಾನು ಬೇಡ ಎನ್ನುವುದಿಲ್ಲ.